ಸೀಳಿದ ಜೊಂಡು

ಆ ಊರಿನವರದು ಕೂತು ಮಾಡುವ ಕೆಲಸ. ಕೆರೆಯಂಚಿನ ಜೊಂಡನ್ನು ಕೊಯ್ದು ಒಣಗಿಸಿ, ನೀರು ಚಿಮುಕಿಸಿ ಮೆದು ಮಾಡಿ ಚಾಪೆ ಹೆಣೆಯುತ್ತಿದ್ದರು. ಹೆಣಿಗೆಗೆ ಕೂತವರು ಮೇಲಿಂದ ಮೇಲೆ ಏಳುವಂತಿಲ್ಲ, ಎದ್ದರೆ ಎಳೆ ಸಡಿಲವಾಗುತ್ತದೆ. ಹೀಗೆ ವಾರವೆಲ್ಲ ಮಂಡಿ ಮಡಚಿ ಕೂತ ಜನ, ವಾರದ ಕೊನೆಯ ಎರಡು ಬಿಡುವಿನ ದಿನಗಳಿಗಾಗಿ ಬಾಯಿ ಬಾಯಿ ಬಿಡುತ್ತಿದ್ದರು. ಬೇರೆ ಊರುಗಳಲ್ಲಿ ಬಿಡುವು ಸಿಕ್ಕರೆ ಹೊದ್ದು ಮಲಗುತ್ತಾರಂತೆ ಎಂದು ಯಾರಾದರೂ ಹೇಳಿದರೆ ಇವರಿಗೆ ನಗು. ಬಿಡುವೆಂದರೆ ಇವರಿಗೆ ನಡಿಗೆ. ಊರಾಚೆಯ ಹೊಲಗಳ ನಡುವೆ, ಹುಲ್ಲುಗಾವಲಿನಲ್ಲಿ, ಗುಡ್ಡದ ಬೆನ್ನಿನ ಮೇಲೆ, ಯಾರ ಗೊಡವೆಯೂ ಇಲ್ಲದೆ ಸುಮ್ಮನೆ ನಡೆಯುವುದು.

ಆದರೆ ಎಲ್ಲರೂ ಒಟ್ಟಿಗೆ ನಡೆಯುವಂತಿರಲಿಲ್ಲ. ಆ ಊರಿನಲ್ಲಿ ನಡೆದವರ ಕಾಲು ನೋಯುತ್ತಿರಲಿಲ್ಲ, ಮನೆಯಲ್ಲಿ ಉಳಿದವರ ಕಾಲು ನೋಯುತ್ತಿತ್ತು. ಯಾಕೆ ಹಾಗೆ ಎಂದು ಕೇಳಿದರೆ ಯಾರೂ ಹೇಳಲಾರರು. ಮಳೆ ಯಾಕೆ ಕೆಳಕ್ಕೇ ಬೀಳುತ್ತದೆ ಎಂದು ಕೇಳಿದವರನ್ನು ನೋಡುವಂತೆ ನೋಡಿ ಸುಮ್ಮನಾದಾರು.

ಬಿಡುವಿನ ಮೊದಲ ಬೆಳಿಗ್ಗೆ ಹೊರಡುವವರೂ ಉಳಿಯುವವರೂ ಹೊಸ್ತಿಲಿನ ಆಚೆ ಈಚೆ ಎದುರುಬದುರು ಕೂರುತ್ತಿದ್ದರು. ಒಂದು ಹಸಿ ಜೊಂಡನ್ನು ಹೆಬ್ಬೆರಳ ಉಗುರಿನಿಂದ ಉದ್ದಕ್ಕೆ ಸೀಳುತ್ತಿದ್ದರು. ಒಂದು ಸೀಳು ಹೊರಡುವವರ ಕಣಕಾಲಿಗೆ, ಇನ್ನೊಂದು ಉಳಿಯುವವರ ಕಣಕಾಲಿಗೆ. ಕಟ್ಟುವಾಗ ಹೊರಡುವವರು “ನಡಿಗೆ ನನ್ನದು” ಎನ್ನಬೇಕು. ಉಳಿಯುವವರು “ದಣಿವು ನನ್ನದು” ಎನ್ನಬೇಕು. ಆಮೇಲೆ ಯಾವ ಕಲ್ಲಿನವರೆಗೆ ಹೋಗಿ ಮರಳುವುದು ಎಂದು ಒಪ್ಪಿಕೊಳ್ಳಬೇಕು. ದಾರಿಯುದ್ದಕ್ಕೂ ಹಿಂದಿನವರು ನೆಟ್ಟ ಕಲ್ಲುಗಳಿದ್ದವು, ಒಪ್ಪಿದ ಕಲ್ಲನ್ನು ಮುಟ್ಟಿ ಹಿಂತಿರುಗುವುದು ಪದ್ಧತಿ. ಜೊಂಡು ಕಟ್ಟಿದ ಗಳಿಗೆಯಿಂದ ಹೊರಗಿನವರ ಒಂದೊಂದು ಹೆಜ್ಜೆಯ ಭಾರವೂ ಒಳಗಿನವರ ಅಂಗಾಲಿಗೆ ಬಂದು ಬೀಳುತ್ತಿತ್ತು. ಮನೆಮನೆಯಲ್ಲೂ ಹರಳೆಲೆ ಬೆಚ್ಚಗೆ ಮಾಡಿ ಕಾಲಿಗೆ ಸುತ್ತಿಕೊಂಡು ಕೂತವರು. ಈ ವಾರ ನಡೆದವರು ಮುಂದಿನ ವಾರ ಉಳಿಯುತ್ತಿದ್ದರು, ಹಾಗಾಗಿ ಯಾರಿಗೂ ಯಾರ ಮೇಲೂ ಮುನಿಸಿರಲಿಲ್ಲ.

ಕೆರೆಯ ಕಡೆಯ ಬೀದಿಯಲ್ಲಿ ಅಕ್ಕ ತಂಗಿ ಇಬ್ಬರೇ ಇದ್ದರು. ಒಂದೇ ಚಾಪೆಗೆ ಎರಡು ತುದಿಯಿಂದ ಕೂತು ಹೆಣೆದು ನಡುವೆ ಸಂಧಿಸುತ್ತಿದ್ದರು. ಅವರ ಮನೆಯಲ್ಲೂ ಒಂದು ವಾರ ಅಕ್ಕ ನಡೆದರೆ ಒಂದು ವಾರ ತಂಗಿ ನಡೆಯುತ್ತಿದ್ದಳು. ಹಾಗಿರುವಾಗ ತಂಗಿಗೆ ಜ್ವರ ಬಂತು. ಜ್ವರ ಬಿಟ್ಟ ಮೇಲೂ ಮಂಕು ಬಿಡಲಿಲ್ಲ. ಅಕ್ಕ ತನ್ನ ಸರದಿಯನ್ನು ಅವಳಿಗೆ ಕೊಟ್ಟಳು, ಗಾಳಿ ಕುಡಿದು ಬಾ ಎಂದಳು. ಮುಂದಿನ ವಾರವೂ ಕೊಟ್ಟಳು. ತಂಗಿಯ ಕೆನ್ನೆಗೆ ಬಣ್ಣ ಬಂತು, ಊಟ ಸೇರಿತು, ಹಾಡಿಕೊಂಡು ಹೆಣೆಯತೊಡಗಿದಳು. ಅಕ್ಕ ಮತ್ತೆ ಕೊಟ್ಟಳು. ಕೊಡುವವಳು ಕೊಡುತ್ತಲೇ ಹೋದಳು, ತೆಗೆದುಕೊಳ್ಳುವವಳು ಕೇಳುವುದನ್ನೇ ಬಿಟ್ಟಳು. ಮೊದಮೊದಲು ತಂಗಿ “ಈ ವಾರ ನೀನು ಹೋಗ್ಬಾರ್ದಾ?” ಎಂದು ಬಾಯಿಮಾತಿಗಾದರೂ ಅನ್ನುತ್ತಿದ್ದಳು. ಅಕ್ಕ “ನಂಗೆ ಮನಸ್ಸಿಲ್ಲ, ನೀನೇ ಹೋಗ್ಬಾ” ಅನ್ನುತ್ತಿದ್ದಳು. ಆಮೇಲೆ ಆ ಬಾಯಿಮಾತೂ ನಿಂತಿತು. ಬಿಡುವಿನ ಬೆಳಿಗ್ಗೆ ಬಂದರೆ ಅಕ್ಕ ಒಳಗಡೆ ಕೂರುವುದು, ತಂಗಿ ಹೊರಗಡೆ ಕೂರುವುದು ಮನೆಯ ಕಂಬಗಳಷ್ಟೇ ಗಟ್ಟಿಯಾಯಿತು.

ಅಕ್ಕ ಕೇಳುತ್ತಿದ್ದದ್ದು ಒಂದೇ. ಜೊಂಡು ಕಟ್ಟಿದ ಮೇಲೆ, ತಂಗಿ ಎದ್ದು ಸೆರಗು ಬಿಗಿಯುವ ಹೊತ್ತಿಗೆ, ತಲೆ ಎತ್ತದೆ ಹೇಳುತ್ತಿದ್ದಳು:

“ಎಲ್ಲಾದ್ರೂ ಕೂತ್ರೆ, ಆಗಾಗ ನೆಲಕ್ಕೆ ಕಾಲು ತಟ್ಟು.”

ತಂಗಿ ಹೂಂ ಅನ್ನುತ್ತಿದ್ದಳು. ಅದೇನು ಹುಚ್ಚೋ, ಅಕ್ಕನ ವಿಚಿತ್ರಗಳಲ್ಲಿ ಇದೂ ಒಂದು ಎಂದುಕೊಳ್ಳುತ್ತಿದ್ದಳು. ಕೂತಾಗ ಅಕ್ಕನ ಕಾಲಿಗೂ ಬಿಡುವು ಸಿಗುತ್ತದಲ್ಲ, ಆಗಲೂ ತಟ್ಟಿ ತಟ್ಟಿ ಯಾಕೆ ನೋಯಿಸಬೇಕು? ಒಂದು ಸಲವೂ ತಟ್ಟಿರಲಿಲ್ಲ. ತಟ್ಟದೆ ಇರುವುದೇ ಅಕ್ಕನ ಮೇಲಿನ ಪ್ರೀತಿ ಎಂದು ಒಳಗೊಳಗೇ ಬೀಗಿದ್ದೂ ಉಂಟು.

ಆ ವಾರವೂ ಹೀಗೆಯೇ ಹೊರಟಳು. ಹುಣಸೆಮರದ ಕಲ್ಲಿನವರೆಗೆ ಎಂದು ಒಪ್ಪಿಕೊಂಡಿದ್ದಳು. ಸಜ್ಜೆಹೊಲದ ಬದುವಿನ ಮೇಲೆ ನಡೆದಳು. ತೆನೆಗಳ ಮೇಲೆ ಗುಬ್ಬಿಗಳು ಕೂತು ಏಳುತ್ತಿದ್ದವು. ಹಳ್ಳ ದಾಟಿದಳು, ಹುಲ್ಲುಗಾವಲು ದಾಟಿದಳು. ಗಾಳಿಯಲ್ಲಿ ಹುಲ್ಲಿನ ವಾಸನೆಯಿತ್ತು, ಬೇರೆ ಸದ್ದಿರಲಿಲ್ಲ. ಅವಳ ಕಾಲು ಹಗುರವಾಗಿತ್ತು, ಎಂದಿನಂತೆ. ಹುಣಸೆಮರದ ಕಲ್ಲು ಬಂದಾಗ ಅದನ್ನು ಮುಟ್ಟಿದಳು. ಮುಟ್ಟಿ, ಗುಡ್ಡದ ಕಡೆ ನೋಡಿದಳು.

ಗುಡ್ಡದ ಮೇಲೆ ಒಂದು ಕಲ್ಲುದೊಣೆಯಿತ್ತು. ಬಂಡೆಯ ನಡುವೆ ಬೇಸಗೆಯಲ್ಲೂ ಬತ್ತದ ನೀರು. ಅಲ್ಲಿ ಕೂತರೆ ಸುತ್ತಲ ಸೀಮೆಯೆಲ್ಲ ಕಾಣುತ್ತಿತ್ತು, ಹೋಗುವ ದಾರಿಗಳು ಕಾಣುತ್ತಿದ್ದವು. ಆ ದೊಣೆಯ ವಿಷಯ ಅವಳಿಗೆ ಹೇಳಿದ್ದವಳು ಅಕ್ಕನೇ, ತಾನು ನಡೆಯುತ್ತಿದ್ದ ಕಾಲದಲ್ಲಿ. ಒಪ್ಪಿದ ಕಲ್ಲು ದಾಟಿ ತಂಗಿ ಅಲ್ಲಿಗೆ ಹೋಗತೊಡಗಿ ಬಹಳ ಕಾಲವಾಗಿತ್ತು. ಮೊದಲ ಸಲ ದಾಟಿದಾಗ ಯಾರಾದರೂ ನೋಡಿದರೇನೋ ಎಂದು ಹಿಂತಿರುಗಿ ನೋಡಿದ್ದಳು. ಮನೆಗೆ ಬಂದಾಗ ಅಕ್ಕ ಏನೂ ಕೇಳಲಿಲ್ಲ. ಅಕ್ಕನಿಗೆ ಗೊತ್ತಾಗಲಿಲ್ಲ ಎಂದು ತಂಗಿ ನಂಬಿಬಿಟ್ಟಳು. ನೋಯುವ ಕಾಲು ಯಾರದೆಂಬುದನ್ನೇ ಮರೆತವಳಿಗೆ ನಂಬುವುದು ಕಷ್ಟವೇನಲ್ಲ.

ಗುಡ್ಡದ ಅರ್ಧಕ್ಕೆ ಬಂದಾಗ ಮುಂದೆ ಒಬ್ಬ ಮನುಷ್ಯ ಕಂಡ. ಅವನು ಕುಂಟುತ್ತಿದ್ದ. ತಂಗಿ ನಿಂತೇಬಿಟ್ಟಳು. ಊರೊಳಗೆ ಕುಂಟುವವರನ್ನು ವಾರವಾರವೂ ನೋಡಿದ್ದಳು. ದಾರಿಯಲ್ಲಿ ಕುಂಟುವವರನ್ನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಹತ್ತಿರ ಹೋದಾಗ ಗುರುತು ಹತ್ತಿತು. ಪಕ್ಕದ ಬೀದಿಯವನು, ಚಾಪೆಯ ಅಂಚು ಕಟ್ಟುವುದರಲ್ಲಿ ಹೆಸರಾದವನು. ಅವನ ಕಣಕಾಲಿನಲ್ಲಿ ಜೊಂಡಿರಲಿಲ್ಲ.

ಅವನೇ ಒಂದು ಬಂಡೆ ನೋಡಿಕೊಂಡು ಕೂತ, ಅವಳಿಗೂ ಕೂರು ಎಂದ. ಕಾಲು ನೀಡಿ ಹಿಮ್ಮಡಿಯನ್ನು ಉಜ್ಜಿಕೊಳ್ಳುತ್ತ ತನ್ನ ಕಥೆ ಹೇಳಿದ. ಅವನ ಹೆಂಡತಿ ಮನೆಯಲ್ಲಿ ಉಳಿದಿದ್ದ ಒಂದು ಬಿಡುವಿನ ದಿನ, ಇದೇ ದಾರಿಯಲ್ಲಿ, ಇದೇ ಏರಿನಲ್ಲಿ, ಇದ್ದಕ್ಕಿದ್ದಂತೆ ಅವನ ಕಾಲು ನೋಯಲು ಶುರುವಾಯಿತು. ಏನಿದು ಎಂದು ಒಂದು ಗಳಿಗೆ ತಿಳಿಯಲೇ ಇಲ್ಲ. ಆಮೇಲೆ ತಿಳಿಯಿತು. ಹೊರುವವರು ಇಲ್ಲವಾದಾಗ ದಣಿವು ತನ್ನ ಯಜಮಾನನನ್ನು ಹುಡುಕಿಕೊಂಡು ಬರುತ್ತದೆ.

“ನನ್ನವಳು ಹೋದ್ಲು ಅಂತ ನಂಗೆ ಮೊದಲು ಹೇಳಿದ್ದು ನನ್ನ ಹಿಮ್ಮಡಿ ಕಣಮ್ಮ,” ಎಂದ. “ಈಗ ನಂದು ನಾನೇ ಹೊರ್ತೀನಿ. ಈ ಗುಡ್ಡ ಇಷ್ಟು ಎತ್ತರ ಇದೆ ಅಂತ ಈಗ ಗೊತ್ತಾಗಿದ್ದು.”

ಆಮೇಲೆ ಅವನು ಅವಳ ಕಾಲಿನ ಜೊಂಡನ್ನು ನೋಡಿ, ನಿಂದು ಯಾರು ಹೊರ್ತಿದ್ದಾರೆ ಎಂದು ಕೇಳಿದ. ಅಕ್ಕ ಎಂದಳು.

“ಎಷ್ಟು ವಾರದಿಂದ?”

“ಈ ವಾರ ಮಾತ್ರ,” ಎಂದಳು ತಂಗಿ.

ಸುಳ್ಳು ಬಾಯಿಂದ ಸಲೀಸಾಗಿ ಬಂದಿತು. ಬಂದ ಮೇಲೆ ಅವಳಿಗೆ ನಾಚಿಕೆಯಾಯಿತು. ಇಷ್ಟು ದಿನ ತಾನು ಮಾಡುತ್ತಿದ್ದುದು ತಪ್ಪೆಂದು ಅವಳಿಗೆ ಅನ್ನಿಸಿರಲಿಲ್ಲ, ಆದರೆ ಕೇಳಿದವನಿಗೆ ಸುಳ್ಳು ಹೇಳಿದಳಲ್ಲ. ತಪ್ಪಲ್ಲದ್ದನ್ನು ಯಾರಾದರೂ ಬಚ್ಚಿಡುತ್ತಾರೆಯೇ? ಕುಂಟುವ ಮನುಷ್ಯ ಅವಳ ಮುಖ ನೋಡಲಿಲ್ಲ, ಎದ್ದು ಕುಂಟುತ್ತ ಇಳಿಜಾರಿನ ಕಡೆ ಹೋದ.

ಅವಳು ಆಗಲೇ ಹಿಂತಿರುಗಬೇಕಿತ್ತು. ಹಿಂತಿರುಗಲಿಲ್ಲ. ದೊಣೆ ಇನ್ನೇನು ಹತ್ತಿರವಿದೆ, ಅಲ್ಲಿ ಹೋಗಿ ಕೂತುಬಿಟ್ಟರೆ ಅಕ್ಕನಿಗೂ ಆರಾಮ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಹತ್ತಿದಳು. ದೊಣೆಯ ಪಕ್ಕ ಮಲಗಿದಳು. ಮೋಡ ಸರಿಯುವುದನ್ನು ನೋಡಿದಳು. ಬಿಸಿಲು ಇಳಿಯುವವರೆಗೂ ಅಲುಗಲಿಲ್ಲ. ಅವಳ ಜೀವಮಾನದಲ್ಲೇ ಅಷ್ಟು ನಿಶ್ಶಬ್ದವಾದ ಮಧ್ಯಾಹ್ನ ಇರಲಿಲ್ಲ. ಆದರೂ ಅದು ಎಂದಿನಂತೆ ರುಚಿಸಲಿಲ್ಲ. ಕುಂಟುವವನ ಹಿಮ್ಮಡಿ ಕಣ್ಣೆದುರು ಬರುತ್ತಲೇ ಇತ್ತು. ಸಂಜೆಯಾದಾಗ, ನಡೆಯುವವರಿಗೆಂದು ಕಟ್ಟಿದ್ದ ತಂಗುಮನೆಗೆ ಹೋಗಿ ರೊಟ್ಟಿ ಬಿಚ್ಚಿದಳು. ಅಕ್ಕ ಕಟ್ಟಿಕೊಟ್ಟ ರೊಟ್ಟಿ, ಒಳಗೆ ಬೆಲ್ಲ. ಅರ್ಧ ತಿಂದು ಕಟ್ಟಿಟ್ಟಳು.

ಮಾರನೆಯ ಬೆಳಿಗ್ಗೆ ಗುಡ್ಡದ ಬೆನ್ನ ಮೇಲೆ ಹೊರಟಾಗ ಎಡಗಾಲಿನ ಅಂಗಾಲಿನಲ್ಲಿ ಏನೋ ಚುಚ್ಚಿದಂತಾಯಿತು. ಕಲ್ಲು ಸಿಕ್ಕಿರಬೇಕೆಂದು ಚಪ್ಪಲಿ ಬಿಚ್ಚಿ ಕೊಡವಿದಳು. ಕಲ್ಲಿರಲಿಲ್ಲ. ಮತ್ತೆ ನಾಲ್ಕು ಹೆಜ್ಜೆ ಹಾಕಿದಳು. ಬಲಗಾಲಿಗೂ ಚುಚ್ಚಿತು. ಮೀನಖಂಡ ಬಿಗಿಯಿತು, ಮಂಡಿ ನಡುಗಿತು. ನಿನ್ನೆ ಹತ್ತಿದ್ದ ಗುಡ್ಡವೆಲ್ಲ ಈಗ ಒಮ್ಮೆಗೇ ಕಾಲಿಗೆ ಇಳಿದಂತಿತ್ತು.

ತಂಗಿ ನೆಲಕ್ಕೆ ಕುಸಿದಳು. ಅಕ್ಕ, ಎಂದಳು. ಅಲ್ಲಿ ಕೇಳುವವರು ಯಾರೂ ಇರಲಿಲ್ಲ.

ಆಮೇಲೆ ಓಡಿದಳು. ಓಡಿದಳು ಎಂದರೆ ಓಟವೇನಲ್ಲ, ಬಿದ್ದು ಎದ್ದು ಇಳಿದಳು. ಹಗುರವಾಗಿದ್ದ ದಾರಿ ಎಲ್ಲೂ ಇರಲಿಲ್ಲ. ಇಳಿಜಾರು ಹೆಬ್ಬೆರಳನ್ನು ಜಜ್ಜಿತು. ಹುಲ್ಲುಗಾವಲಿನಲ್ಲಿ ಹುಲ್ಲಿಗಿಂತ ಕಲ್ಲೇ ಹೆಚ್ಚಿತ್ತು. ಹಳ್ಳದ ಉಸುಕು ಕಾಲನ್ನು ಹಿಡಿದು ಎಳೆಯಿತು. ಹುಣಸೆಮರದ ಕಲ್ಲಿಗೆ ಬಂದಾಗ ಅದನ್ನು ತಬ್ಬಿಕೊಂಡು ಅತ್ತಳು. ಇಲ್ಲಿಗೆ ಸಾಕು ಎಂದು ಇಬ್ಬರೂ ಯಾಕೆ ಒಪ್ಪಿಕೊಳ್ಳುತ್ತಿದ್ದರೆಂದು ಈಗ ಅವಳ ಕಾಲಿಗೆ ಅರ್ಥವಾಗಿತ್ತು. ಇಲ್ಲಿಗೇ ಇಷ್ಟು ನೋವಾದರೆ, ಇದರಾಚೆ ವಾರವಾರವೂ ತಾನು ನಡೆದದ್ದೆಲ್ಲ ಏನಾಗಿರಬೇಕು? ಅಕ್ಕ ಸತ್ತಿದ್ದರೆ ಕೊಂದವಳು ತಾನೇ. ಹಾಗೆ ಬಾಯಿಬಿಟ್ಟು ಹೇಳಿಕೊಂಡಳು, ಕಲ್ಲಿಗೆ ಕೇಳುವಂತೆ.

ಮನೆ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಬಾಗಿಲು ತೆರೆದಿತ್ತು. ಬಾಗಿಲಲ್ಲಿ ನೆರೆಮನೆಯವಳು ಕೂತು ಜೊಂಡು ಹಸನು ಮಾಡುತ್ತಿದ್ದಳು. ಆ ಇಬ್ಬರನ್ನೂ ಎತ್ತಿ ಆಡಿಸಿದ್ದವಳು, ಮಾತಿನಲ್ಲಿ ಸ್ವಲ್ಪ ಖಾರ. ತಂಗಿಯ ಮುಖ ನೋಡುತ್ತಲೇ ಅವಳಿಗೆ ಗೊತ್ತಾಯಿತು.

“ಅಳ್ಬೇಡ. ಸತ್ತಿಲ್ಲ ನಿಮ್ಮಕ್ಕ,” ಎಂದಳು. “ಹೊರಟ್ಲು, ಅಷ್ಟೇ.”

ತಂಗಿ ಹೊಸ್ತಿಲ ಮೇಲೆ ಕೂತುಬಿಟ್ಟಳು. ನೆರೆಮನೆಯವಳು ಕೈಕೆಲಸ ನಿಲ್ಲಿಸದೆ ನಡೆದದ್ದನ್ನು ಹೇಳಿದಳು. ಬೆಳಿಗ್ಗೆ ಅಕ್ಕ ಎದ್ದು ಸ್ನಾನ ಮಾಡಿ, ತಂಗಿಗಾಗಿ ತನ್ನ ಕಾಲಿಗೆ ಕಟ್ಟಿಕೊಂಡಿದ್ದ ಜೊಂಡನ್ನು ಬಿಚ್ಚಿ ಒಲೆಗೆ ಹಾಕಿದಳು. ಹೊಸದೊಂದು ಜೊಂಡು ಸೀಳಿ ಒಂದು ಸೀಳನ್ನು ತನ್ನ ಕಾಲಿಗೆ ಕಟ್ಟಿಕೊಂಡಳು. ಇನ್ನೊಂದನ್ನು ಒಳಗೆ ಚಾಪೆಯ ಮೇಲಿಟ್ಟಳು. ತಂಗಿ ಬರುವ ದಾರಿ ಬಿಟ್ಟು ಊರಿನ ಮೂಡಲ ಬಾಗಿಲಿನಿಂದ ಹೊರಟಳು. ನಿನ್ನೆ ಮಧ್ಯಾಹ್ನವೆಲ್ಲ ಕಾಲು ಹಿಡಿದುಕೊಂಡು ಹುಚ್ಚು ಹಿಡಿದವಳಂತೆ ಕೂತಿದ್ದಳು, ಏನು ಕೇಳಿದರೂ ಬಾಯಿ ಬಿಡಲಿಲ್ಲ ಎಂದೂ ಸೇರಿಸಿದಳು.

“ನಂಗೆ ಏನಾದ್ರೂ ಹೇಳಿದ್ಲಾ?” ತಂಗಿ ಕೇಳಿದಳು.

“ಕಟ್ಕೊಂಡ್ರೆ ಕಟ್ಕೊಳ್ಳಲಿ, ಇಲ್ಲಾಂದ್ರೆ ಬೇಡ, ನೀವು ಒತ್ತಾಯ ಮಾಡ್ಬೇಡಿ ಅಂದ್ಲು. ಯಾವ ಕಲ್ಲಿನವರೆಗೆ ಅಂತ ನಾನೇ ಕೇಳ್ದೆ. ಅವಳು ನಕ್ಕಳು.”

ಕಟ್ಟಿಕೊಳ್ಳದಿದ್ದರೆ ಅಕ್ಕ ತನ್ನ ದಣಿವನ್ನು ತಾನೇ ಹೊತ್ತು ನಡೆಯಬೇಕು. ಕಟ್ಟಿಕೊಂಡರೆ, ಈಗಾಗಲೇ ಬೊಬ್ಬೆಯೆದ್ದ ತಂಗಿಯ ಕಾಲಿಗೆ ಅದೂ ಸೇರುತ್ತದೆ. ಅಕ್ಕ ಎಲ್ಲಿ ತಿರುಗುತ್ತಾಳೋ, ತಿರುಗುತ್ತಾಳೋ ಇಲ್ಲವೋ, ಯಾರಿಗೂ ಗೊತ್ತಿಲ್ಲ.

ತಂಗಿ ಒಳಗೆ ಹೋದಳು. ಅಕ್ಕ ಬಿಡುವಿನ ದಿನಗಳಲ್ಲಿ ಕೂರುತ್ತಿದ್ದ ಜಾಗ ಗೋಡೆಯ ಪಕ್ಕದಲ್ಲಿತ್ತು. ಅಲ್ಲಿ ಹಾಸಿದ್ದ ಚಾಪೆಯ ಮೇಲೆ ಜೊಂಡಿನ ಸೀಳು, ಹತ್ತಿರದಲ್ಲಿ ಮೊರದ ತುಂಬ ಹರಳೆಲೆ. ಕೂರಲೆಂದು ಚಾಪೆಯನ್ನು ಸರಿಸಿದಳು. ಅಡಿಯಲ್ಲಿ ಸಾರಿಸಿದ ಮಣ್ಣುನೆಲದಲ್ಲಿ ಎರಡು ಕುಳಿಗಳಿದ್ದವು, ಅಂಗೈಯಗಲ, ಒಂದರ ಪಕ್ಕ ಒಂದು. ಮೊದಲು ಏನೆಂದು ತಿಳಿಯಲಿಲ್ಲ. ಗೋಡೆಗೊರಗಿ ಕೂತು ಕಾಲು ನೀಡಿದಾಗ ಅವಳ ಹಿಮ್ಮಡಿಗಳು ಆ ಕುಳಿಗಳಲ್ಲಿ ಸರಿಯಾಗಿ ಕೂತವು. ನೋವು ತಡೆಯಲಾರದೆ ಅಕ್ಕ ವಾರವಾರವೂ ಹಿಮ್ಮಡಿ ಒತ್ತಿ ಒತ್ತಿ ನೆಲವೇ ತಗ್ಗಾಗಿತ್ತು. ತಂಗಿ ಈ ನೆಲವನ್ನು ಸಾರಿಸಿ ಎಷ್ಟು ಕಾಲವಾಗಿತ್ತೋ, ಅದೂ ಅಕ್ಕನ ಕೆಲಸವೇ ಆಗಿತ್ತು.

ಅವಳು ಜೊಂಡಿನ ಸೀಳನ್ನು ಕಣಕಾಲಿಗೆ ಕಟ್ಟಿಕೊಂಡಳು. ಹೇಳಬೇಕಾದ ಮಾತು ತಟ್ಟನೆ ಬಾಯಿಗೆ ಬರಲಿಲ್ಲ. ಅದನ್ನು ಹೇಳಿ ಅಭ್ಯಾಸವೇ ತಪ್ಪಿತ್ತು.

“ದಣಿವು ನನ್ನದು,” ಎಂದಳು.

ನೋವು ಬಂದಿತು. ಬೆಂಕಿಯಲ್ಲಿ ಕಾಲಿಟ್ಟಂತೆ ಬಂದಿತು. ತಂಗಿ ತುಟಿ ಕಚ್ಚಿಕೊಂಡಳು, ಆದರೆ ಅವಳ ಎದೆ ತುಂಬಿ ಬಂದಿತ್ತು. ನೋಯುತ್ತಿದೆ ಎಂದರೆ ಅಕ್ಕ ಇದ್ದಾಳೆ. ನಡೆಯುತ್ತಿದ್ದಾಳೆ. ಎಷ್ಟೋ ಕಾಲ ಅಂಗಳ ದಾಟದ ಕಾಲು ತಡವರಿಸುತ್ತಿತ್ತು, ಎಡವುತ್ತಿತ್ತು, ಮತ್ತೆ ಎದ್ದು ನಡೆಯುತ್ತಿತ್ತು. ಒಂದೊಂದು ಹೆಜ್ಜೆಯೂ ತಂಗಿಯ ಅಂಗಾಲಿಗೆ ಬಂದು ಬೀಳುತ್ತಿತ್ತು. ಅವಳು ಕಣ್ಣು ಮುಚ್ಚಿ ಹೆಜ್ಜೆಗಳನ್ನು ಕೇಳಿಸಿಕೊಂಡಳು. ಇದು ಏರು. ಇದು ಕಲ್ಲುದಾರಿ. ಇದು ಹುಲ್ಲು. ನೆರೆಮನೆಯವಳು ಹರಳೆಲೆ ಬೆಚ್ಚಗೆ ಮಾಡಿ ತಂದಳು, ತಂಗಿ ಬೇಡವೆಂದಳು. ನೋವು ಕಡಿಮೆಯಾದರೆ ಹೆಜ್ಜೆ ತಿಳಿಯುವುದಿಲ್ಲ ಎಂಬ ಭಯ ಅವಳಿಗೆ.

ಹೀಗೆ ಬಹಳ ಹೊತ್ತು ನಡೆಯಿತು. ಆಮೇಲೆ ಹೆಜ್ಜೆ ನಿಂತಿತು.

ಮೊದಲು ತಂಗಿ ಉಸಿರು ಬಿಟ್ಟಳು, ಕೂತಿರಬೇಕು ಎಂದುಕೊಂಡಳು. ಸ್ವಲ್ಪ ಹೊತ್ತಾಯಿತು. ಇನ್ನೂ ಹೊತ್ತಾಯಿತು. ಅಂಗಾಲಿನಲ್ಲಿ ಏನೂ ಇರಲಿಲ್ಲ, ಅವಳದೇ ಬೊಬ್ಬೆಗಳ ಉರಿ ಬಿಟ್ಟು. ಕೂತಿದ್ದಾಳೋ? ಮಲಗಿದ್ದಾಳೋ? ಬಿದ್ದಿದ್ದಾಳೋ? ಹಾವು ಕಚ್ಚಿದರೆ ಹೀಗೆಯೇ ನಿಲ್ಲುತ್ತದೆ. ಬಂಡೆಯಿಂದ ಜಾರಿದರೂ ಹೀಗೆಯೇ ನಿಲ್ಲುತ್ತದೆ. ನಡೆಯುವವರು ಸತ್ತರೂ, ಮರದ ನೆರಳಲ್ಲಿ ಸುಖವಾಗಿ ಮಲಗಿದರೂ, ಉಳಿದವರ ಕಾಲಿಗೆ ಎರಡೂ ಒಂದೇ. ತಂಗಿ ಎರಡೂ ಕೈಯಿಂದ ಅಂಗಾಲನ್ನು ಹಿಡಿದುಕೊಂಡಳು. ನೋಯಿ, ನೋಯಿ, ಎಂದು ಕಾಲನ್ನೇ ಬೇಡಿಕೊಂಡಳು.

ಹಾಗೆ ಕಾಲು ಹಿಡಿದು ಕೂತಾಗ ನಿನ್ನೆಯ ಮಧ್ಯಾಹ್ನ ನೆನಪಾಯಿತು. ದೊಣೆಯ ಪಕ್ಕ ತಾನು ಅಲುಗದೆ ಮಲಗಿದ್ದು. ಅಕ್ಕನಿಗೂ ಆರಾಮ ಎಂದುಕೊಂಡದ್ದು. ಅದೇ ಹೊತ್ತಿಗೆ ಅಕ್ಕ ಇಲ್ಲಿ ಈ ಎರಡು ಕುಳಿಗಳಲ್ಲಿ ಹಿಮ್ಮಡಿ ಊರಿ, ಹೀಗೆಯೇ ಕಾಲು ಹಿಡಿದು ಕೂತಿದ್ದಳು. ನಿನ್ನೆ ಮಾತ್ರವಲ್ಲ. ತಾನು ಎಲ್ಲೆಲ್ಲಿ ಕೂತಿದ್ದಳೋ, ಎಲ್ಲೆಲ್ಲಿ ಕಣ್ಣು ಮುಚ್ಚಿ ತಂಪುಗಾಳಿಗೆ ಮೈಯೊಡ್ಡಿದ್ದಳೋ, ಆಗೆಲ್ಲ. ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು. ಆಗಾಗ ನೆಲಕ್ಕೆ ಕಾಲು ತಟ್ಟು. ಇದ್ದೀನಿ ಅಂತ ತಿಳಿಸು ಎಂದು ಅದರ ಅರ್ಥ. ಅಷ್ಟನ್ನು ಮಾಡಲು ಏನು ಕಷ್ಟವಿತ್ತು? ತಂಗಿಗೆ ತನ್ನ ಮೇಲೆ ಹೇಸಿಗೆಯಾಯಿತು. ಗುಡ್ಡ ಹತ್ತಿದ ನೋವನ್ನು ಅಕ್ಕ ಹೊತ್ತಾಳು, ಹೊತ್ತಿದ್ದಳು ಕೂಡ. ಈ ಸುಮ್ಮನಿರುವಿಕೆಯನ್ನು ಯಾರು ತಾನೆ ಹೊರಬಲ್ಲರು?

ಹೊರಗೆ ಬಿಸಿಲು ಅಂಗಳದ ಅಂಚಿಗೆ ಸರಿದಿತ್ತು. ನಡೆಯಲು ಹೋದವರು ತಮ್ಮ ತಮ್ಮ ಮನೆಗಳಿಗೆ ಹಿಂತಿರುಗುತ್ತಿದ್ದರು. ಹೊಸ್ತಿಲುಗಳಲ್ಲಿ ಬಿಸಿನೀರು ಸುರಿಯುವ ಸದ್ದು, ಯಾರದೋ ನಗು. ಅಕ್ಕನೂ ಬೇಕೆಂದೇ ತಟ್ಟದೆ ಕೂತಿರಬಹುದು, ತನಗೆ ತಿಳಿಯಲಿ ಎಂದು. ಹಾಗೆ ಮಾಡಿದರೂ ಅದು ನ್ಯಾಯವೇ ಎಂದು ತಂಗಿ ಅಂದುಕೊಂಡಳು. ಬದುಕಿದ್ದು ಹಾಗೆ ಮಾಡುತ್ತಿದ್ದರೆ ಸಾಕು ಎಂದೂ ಅಂದುಕೊಂಡಳು. ನೆರೆಮನೆಯವಳು ಬಾಗಿಲಲ್ಲಿ ನಿಂತು, ದೀಪ ಹಚ್ಚಲೇ ಎಂದು ಕೇಳಿದಳು. ತಂಗಿ ಕೈಯೆತ್ತಿ ಅವಳನ್ನು ಸುಮ್ಮನಿರಿಸಿದಳು.

ಬಲಗಾಲಿನ ಹಿಮ್ಮಡಿಗೆ ಏನೋ ತಟ್ಟಿತು. ಮೆಲ್ಲಗೆ.

ಮತ್ತೊಮ್ಮೆ ತಟ್ಟಿತು. ನಡಿಗೆಯ ಹೆಜ್ಜೆಯಲ್ಲ ಅದು, ಕೂತವರು ನೆಲಕ್ಕೆ ಕಾಲು ತಟ್ಟುವ ತಟ್ಟು. ಎಲ್ಲೋ ಮೂಡಲ ದಾರಿಯಲ್ಲಿ, ತಂಗಿ ನೋಡಿರದ ಯಾವುದೋ ಮರದಡಿಯಲ್ಲಿ ಅಕ್ಕ ಕೂತಿದ್ದಳು. ಜೊಂಡಿನ ಇನ್ನೊಂದು ಸೀಳನ್ನು ತಂಗಿ ಕಟ್ಟಿಕೊಂಡಳೋ ಇಲ್ಲವೋ ಎಂದು ಅವಳಿಗೆ ತಿಳಿಯುವಂತಿರಲಿಲ್ಲ. ಆದರೂ ತಟ್ಟುತ್ತಿದ್ದಳು.

ಒಳಗಿನಿಂದ ಹೊರಗೆ ಏನೂ ಮುಟ್ಟುವುದಿಲ್ಲ, ಅದು ಆ ಊರಿನ ಮಕ್ಕಳಿಗೂ ಗೊತ್ತು. ತಂಗಿಗೂ ಗೊತ್ತಿತ್ತು. ಅವಳು ಬೊಬ್ಬೆಯೆದ್ದ ಕಾಲನ್ನು ಎತ್ತಿ, ಅಕ್ಕನ ಹಿಮ್ಮಡಿ ತೋಡಿದ್ದ ಕುಳಿಯೊಳಗೆ ತಟ್ಟಿದಳು. ಅಳುತ್ತ ಮತ್ತೆ ಮತ್ತೆ ತಟ್ಟಿದಳು.